ವಾಚಕರ ಪ್ರಶ್ನೆ, ನಮ್ಮ ಉತ್ತರ: ಸೇವೆಯ ದಾರಿ ತೋರಿಸಿದವರ ನೆನಪು

ಪ್ರಶ್ನೆ: ಮಾನ್ಯರೇ, ನಾನು ಗದಗ ಜಿಲ್ಲೆಯ ಹಳ್ಳಿಯೊಂದರ ಕ್ರೈಸ್ತ ಸಭೆಯಲ್ಲಿ ಉಪದೇಶಿಯಾಗಿದ್ದೇನೆ. ನನ್ನನ್ನು ಸೇವೆಗೆ ಕರೆತಂದು, ತಿದ್ದಿ ತೀಡಿ, ವಯಸ್ಸಿನ ಅಂತರ ಮರೆತು ಗೆಳೆಯರಂತೆ ಜೊತೆಗಿದ್ದ ನಮ್ಮ ಸಭಾಪಾಲಕರಾದ ಅಯ್ಯನವರು ಕಳೆದ ವರ್ಷ ಕರ್ತನಲ್ಲಿ ನಿದ್ರೆಹೋದರು. ಶನಿವಾರ ಸಂಜೆ ಅವರು ನನ್ನ ಪ್ರಸಂಗದ ಟಿಪ್ಪಣಿಯನ್ನು ತರಿಸಿಕೊಂಡು, ಪೆನ್ಸಿಲಿನಿಂದ ಅರ್ಧಕ್ಕರ್ಧ ಹೊಡೆದುಹಾಕಿ, ‘ಇಷ್ಟು ಸಾಕು, ಜನರಿಗೆ ಹಸಿವಾಗಿರುತ್ತದೆ’ ಎಂದು ಮರಳಿಸುತ್ತಿದ್ದರು. ವರ್ಷದ ಸ್ಮರಣಾರಾಧನೆಯಲ್ಲಿ ಮಾತನಾಡುವ ಮತ್ತು ಸಭೆಯ ಪತ್ರಿಕೆಗೆ ಬರೆಯುವ ಹೊಣೆ ಈಗ ನನ್ನ ಮೇಲಿದೆ. ಅಳುವುದು ಅಪನಂಬಿಕೆಯ ಗುರುತು ಎಂದು ಹಿರಿಯರು ಹೇಳುತ್ತಾರೆ. ಕೊನೆಯ ವರ್ಷಗಳಲ್ಲಿ ಅವರು ಮನಸ್ಸು ಕುಗ್ಗಿ ಪ್ರಸಂಗಪೀಠ ಏರುವುದನ್ನೇ ಬಿಟ್ಟಿದ್ದ ಸಂಗತಿಯನ್ನು ಎತ್ತಲೇಬಾರದು ಎಂದೂ ಹೇಳುತ್ತಾರೆ. ನಾನು ಏನು ಹೇಳಲಿ, ಏನು ಬಿಡಲಿ?

ಉತ್ತರ: ಪ್ರಿಯ ಸಹೋದರರೇ, ಮೊದಲು ಅಳುವಿನ ಮಾತನ್ನು ಇತ್ಯರ್ಥ ಮಾಡಿಕೊಳ್ಳೋಣ, ಏಕೆಂದರೆ ಆ ಭಯ ಮನಸ್ಸಿನಲ್ಲಿ ಇರುವವರೆಗೆ ನಿಮ್ಮಿಂದ ಒಂದು ಸಾಲೂ ಸರಿಯಾಗಿ ಬರಲಾರದು. ಪ್ರವಾದಿಯಾದ ಎಲೀಯನು ಅಗ್ನಿರಥದ ನಡುವೆ ಸುಳಿಗಾಳಿಯಲ್ಲಿ ಪರಲೋಕಕ್ಕೆ ಏರಿಹೋದದ್ದನ್ನು ಅವನ ಶಿಷ್ಯನಾದ ಎಲೀಷನು ಕಣ್ಣಾರೆ ಕಂಡನು. ತನ್ನ ಗುರು ಎಲ್ಲಿಗೆ ಹೋದನೆಂಬ ವಿಷಯದಲ್ಲಿ ಅವನಷ್ಟು ಖಚಿತವಾಗಿ ತಿಳಿದವರು ಇನ್ನಾರೂ ಇರಲಿಲ್ಲ. ಆದರೂ ‘ನನ್ನ ತಂದೆಯೇ’ ಎಂದು ಕೂಗಿ, ತನ್ನ ಬಟ್ಟೆಯನ್ನು ಹಿಡಿದು ಎರಡಾಗಿ ಹರಿದುಕೊಂಡನೆಂದು ಅರಸುಗಳ ಎರಡನೆಯ ಪುಸ್ತಕದ 2ನೆಯ ಅಧ್ಯಾಯ ಹೇಳುತ್ತದೆ. ಪೌಲನು ಥೆಸಲೊನೀಕದವರಿಗೆ ಬರೆದದ್ದು ನಿರೀಕ್ಷೆಯಿಲ್ಲದವರ ಹಾಗೆ ದುಃಖಿಸಬೇಡಿರಿ ಎಂದು. ದುಃಖಿಸಲೇಬೇಡಿರಿ ಎಂದು ಅವನು ಎಲ್ಲಿಯೂ ಬರೆಯಲಿಲ್ಲ. ತನ್ನ ಜೊತೆಕೆಲಸದವನಾದ ಎಪಫ್ರೊದೀತನು ರೋಗದಲ್ಲಿ ಸತ್ತೇಹೋಗಿದ್ದರೆ ತನಗೆ ದುಃಖದ ಮೇಲೆ ದುಃಖ ಬರುತ್ತಿತ್ತೆಂದು ಫಿಲಿಪ್ಪಿಯವರ ಮುಂದೆ ಅವನೇ ಸಂಕೋಚವಿಲ್ಲದೆ ಒಪ್ಪಿಕೊಂಡಿದ್ದಾನೆ. ಆದ್ದರಿಂದ ಮಾತನಾಡುವಾಗ ಗಂಟಲು ಕಟ್ಟಿದರೆ ಸ್ವಲ್ಪ ಹೊತ್ತು ನಿಲ್ಲಿರಿ. ಸಭೆಯವರು ಕಾಯುತ್ತಾರೆ, ಅವರಲ್ಲಿಯೂ ಅನೇಕರಿಗೆ ಅದೇ ಆಗಿರುತ್ತದೆ.

ಇನ್ನು ಏನು ಹೇಳಬೇಕೆಂಬ ಪ್ರಶ್ನೆ. ನಮ್ಮ ಸಭೆಗಳ ಸ್ಮರಣಲೇಖನಗಳನ್ನು ಅನೇಕ ವರ್ಷಗಳಿಂದ ಓದಿಕೊಂಡು ಬಂದಿರುವ ನನಗೆ ಅವುಗಳ ಬಗ್ಗೆ ಒಂದು ನೋವಿದೆ. ‘ದೀನರು, ಪ್ರಾರ್ಥನಾವೀರರು, ಆತ್ಮಗಳ ಭಾರವುಳ್ಳವರು’ ಎಂಬ ಮಾತುಗಳು ಎಲ್ಲ ಲೇಖನಗಳಲ್ಲಿಯೂ ಒಂದೇ ಸಾಲಾಗಿ ಬರುತ್ತವೆ. ಹೆಸರು ಬದಲಾಯಿಸಿದರೆ ಇನ್ನೊಬ್ಬ ಅಯ್ಯನವರಿಗೂ ಅದೇ ಲೇಖನ ನಡೆಯುತ್ತದೆ. ಬದುಕಿದ್ದಾಗ ತಮ್ಮದೇ ಮುಖ, ತಮ್ಮದೇ ಮಾತು ಇದ್ದವರು ಕಾಗದದ ಮೇಲೆ ಗುರುತು ಸಿಗದವರಾಗುತ್ತಾರೆ. ಅಪೊಸ್ತಲರ ಕೃತ್ಯಗಳ 9ನೆಯ ಅಧ್ಯಾಯದಲ್ಲಿ ಯೊಪ್ಪದ ವಿಧವೆಯರು ಏನು ಮಾಡಿದರೆಂದು ನೋಡಿರಿ. ತಬಿಥಾ ತೀರಿಕೊಂಡಾಗ ಪೇತ್ರನು ಮೇಲಂತಸ್ತಿನ ಕೋಣೆಗೆ ಬಂದನು. ಆ ಸ್ತ್ರೀಯರು ಅವನ ಸುತ್ತ ನಿಂತು ಅಳುತ್ತಾ, ಆಕೆ ತಮ್ಮ ಸಂಗಡ ಇದ್ದಾಗ ಮಾಡಿಕೊಟ್ಟ ಅಂಗಿಗಳನ್ನೂ ಮೇಲುಹೊದಿಕೆಗಳನ್ನೂ ತೋರಿಸಿದರು. ಆಕೆಯ ಧರ್ಮಕಾರ್ಯಗಳನ್ನು ಆ ಪುಸ್ತಕ ಬರೆದ ಲೂಕನು ಒಂದೇ ವಾಕ್ಯದಲ್ಲಿ ಮುಗಿಸುತ್ತಾನೆ, ಆದರೆ ಆ ಬಟ್ಟೆಗಳನ್ನು ಮರೆಯುವುದಿಲ್ಲ.

ನಿಮ್ಮ ಕೈಯಲ್ಲಿರುವ ಬಟ್ಟೆ ಆ ಶನಿವಾರದ ಟಿಪ್ಪಣಿಗಳೇ. ಅವು ಉಳಿದಿದ್ದರೆ ಒಂದನ್ನು ತೆಗೆದು ಕೂತು ಪರೀಕ್ಷಿಸಿರಿ: ಅವರು ಯಾವ ಸಾಲುಗಳನ್ನು ಹೊಡೆದರು, ಯಾವುದನ್ನು ಉಳಿಸಿದರು? ನಿಮ್ಮ ಪಾಂಡಿತ್ಯ ತೋರಿಸುವ ಸಾಲುಗಳು ಹೋಗಿವೆಯೋ, ಬೇರೆಯವರನ್ನು ಚುಚ್ಚುವ ಸಾಲುಗಳು ಹೋಗಿವೆಯೋ? ಆ ಒಂದು ಹಾಳೆಯಲ್ಲಿ ಅವರ ದೇವಜ್ಞಾನವೂ, ಜನರ ಮೇಲಿನ ಪ್ರೀತಿಯೂ, ನಿಮ್ಮ ಮೇಲೆ ಅವರಿಟ್ಟಿದ್ದ ಭರವಸೆಯೂ ಇರುತ್ತವೆ. ‘ಜನರಿಗೆ ಹಸಿವಾಗಿರುತ್ತದೆ’ ಎಂದ ಅವರ ಮನಸ್ಸಿನಲ್ಲಿ ಬೆಳಿಗ್ಗೆ ಏನೂ ತಿನ್ನದೆ ದೂರದ ಹೊಲಗಳಿಂದ ನಡೆದುಬಂದವರು ಇದ್ದರೋ, ವಾಕ್ಯಕ್ಕೆ ಹಸಿದವರು ಇದ್ದರೋ, ಅದನ್ನು ನೀವೇ ಬಲ್ಲಿರಿ, ಅದನ್ನು ಬರೆಯಿರಿ. ನಿಮ್ಮೊಬ್ಬರ ನೆನಪಿನಲ್ಲಿಯೇ ನಿಲ್ಲಬೇಡಿರಿ. ಅವರು ಆಸ್ಪತ್ರೆಯಲ್ಲಿ ಭೇಟಿಕೊಟ್ಟವರನ್ನೂ, ಜಗಳ ಬಿಡಿಸಿ ಕೂಡಿಸಿದ ಮನೆಯವರನ್ನೂ, ಸಭೆಗೆ ಬರುವುದನ್ನು ಬಿಟ್ಟವರನ್ನೂ ಕೇಳಿರಿ.

ಅವರ ಮನಸ್ಸಿನ ಕುಗ್ಗುವಿಕೆಯ ವಿಷಯದಲ್ಲಿ ನಿಮ್ಮ ಹಿರಿಯರ ಉದ್ದೇಶ ಒಳ್ಳೆಯದೇ. ಅಯ್ಯನವರ ಮಾನ ಉಳಿಯಲಿ ಎಂದು ಅವರು ಹಾಗೆ ಹೇಳಿದ್ದಾರೆ. ಆದರೆ ಆ ಉದ್ದೇಶಕ್ಕೆ ಈ ದಾರಿ ಸರಿಯಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಎಲೀಷನು ಯಾರ ಕಂಬಳಿಯನ್ನು ಎತ್ತಿಕೊಂಡನೋ ಆ ಎಲೀಯನೇ ಹಿಂದೊಮ್ಮೆ ಅಡವಿಯಲ್ಲಿ ಗಿಡದ ಕೆಳಗೆ ಕೂತು ‘ಸಾಕು’ ಎಂದು ಸಾವನ್ನು ಬೇಡಿದ್ದನು, ಮತ್ತು ಆಗ ದೇವದೂತನು ಅವನನ್ನು ಗದರಿಸಲಿಲ್ಲ, ರೊಟ್ಟಿಯನ್ನೂ ನೀರನ್ನೂ ಕೊಟ್ಟನು. ಪೌಲನು ಆಸ್ಯಸೀಮೆಯಲ್ಲಿ ತನಗೆ ಬದುಕುವ ಆಸೆಯೇ ಹೋಗಿತ್ತೆಂದು ಕೊರಿಂಥದವರಿಗೆ ತನ್ನ ಕೈಯಾರೆ ತಿಳಿಸಿದನು. ನಿಮ್ಮ ಸಭೆಯಲ್ಲಿಯೂ ಇಂದು ಅದೇ ಕತ್ತಲೆಯಲ್ಲಿರುವವರು ಕೆಲವರಾದರೂ ಇದ್ದಾರೆ, ಮತ್ತು ತಾವು ಗೌರವಿಸಿದ ಅಯ್ಯನವರೂ ಆ ದಾರಿಯಲ್ಲಿ ನಡೆದರೆಂದು ತಿಳಿದರೆ ಅವರು ವೈದ್ಯರ ಬಳಿಗೆ ಹೋಗಲು ನಾಚಿಕೆಪಡಲಿಕ್ಕಿಲ್ಲ. ಆದರೆ ಒಂದು ಷರತ್ತು: ಇದನ್ನು ನಿರ್ಧರಿಸುವ ಹಕ್ಕು ನಿಮಗಿಂತ, ಹಿರಿಯರಿಗಿಂತ ಮೊದಲು ಅವರ ಮನೆಯವರಿಗೆ ಸೇರಿದ್ದು. ಅಯ್ಯನವರ ಪತ್ನಿಯಾದ ಅಮ್ಮನವರ ಮನೆಗೆ ಹೋಗಿ, ಬರೆದದ್ದನ್ನು ಅವರ ಮುಂದೆ ಓದಿರಿ. ಬೇಡವೆಂದರೆ ಆ ಭಾಗವನ್ನು ಬಿಡಿರಿ, ಆದರೆ ಅದರ ಜಾಗದಲ್ಲಿ ‘ಕೊನೆಯವರೆಗೂ ಉತ್ಸಾಹದಿಂದ ಪ್ರಸಂಗಿಸಿದರು’ ಎಂಬ ಸುಳ್ಳನ್ನು ಮಾತ್ರ ಸೇರಿಸಬೇಡಿರಿ.

ಇನ್ನೊಂದು ಮಾತು. ಇಬ್ರಿಯರಿಗೆ ಬರೆದ ಪತ್ರಿಕೆಯ 13ನೆಯ ಅಧ್ಯಾಯವು ವಾಕ್ಯವನ್ನು ತಿಳಿಸಿದ ನಾಯಕರನ್ನು ಜ್ಞಾಪಕಮಾಡಿಕೊಂಡು ಅವರ ನಂಬಿಕೆಯನ್ನು ಅನುಸರಿಸಿರಿ ಎನ್ನುತ್ತದೆ. ಗುರುಗಳು ಹೋದ ಮೇಲೆ ಶಿಷ್ಯರು ಅವರ ಧ್ವನಿಯನ್ನೂ ಕೈ ಎತ್ತುವ ರೀತಿಯನ್ನೂ ಅನುಕರಿಸುವುದನ್ನು ನಾವೆಲ್ಲ ಕಂಡಿದ್ದೇವೆ. ಅದು ಪ್ರೀತಿಯಿಂದಲೇ ಆಗುತ್ತದೆ, ಆದರೂ ನೀವು ನಿಮ್ಮ ಧ್ವನಿಯಲ್ಲಿಯೇ ಮಾತನಾಡಿರಿ. ನಿಮ್ಮ ಟಿಪ್ಪಣಿಯಲ್ಲಿ ಅವರು ಅರ್ಧವನ್ನಾದರೂ ಉಳಿಸಿದ್ದು ಅದಕ್ಕಾಗಿಯೇ.

ಪ್ರಶ್ನೆ: ಕರ್ನಾಟಕದ ಸಭೆಯ ಇತಿಹಾಸದಲ್ಲಿ ಇಂಥ ಗುರು–ಗೆಳೆಯರ ಉದಾಹರಣೆ ಇದೆಯೇ? ಮಿಷನರಿಗಳೆಂದರೆ ನಿಘಂಟು, ಅಚ್ಚುಕೂಟ, ಹೆಂಚಿನ ಕಾರ್ಖಾನೆ ಇಷ್ಟೇ ಕೇಳಿದ್ದೇವೆ. (ಮಡಿಕೇರಿಯ ಓದುಗರು)

ಉತ್ತರ: ನಿಮ್ಮ ಊರಿಗೇ ಸಂಬಂಧಪಟ್ಟ ಉದಾಹರಣೆ ಇದೆ. ಹರ್ಮನ್ ಮೋಗ್ಲಿಂಗ್ 1836ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಸೇವಕರಾಗಿ ಮಂಗಳೂರಿಗೆ ಬಂದರು, 1843ರಲ್ಲಿ ಕನ್ನಡದ ಮೊದಲ ಪತ್ರಿಕೆಯನ್ನು ಹೊರತಂದರು. ಇದು ಎಲ್ಲರಿಗೂ ಗೊತ್ತು. ಅವರ ಜೊತೆಗಾರ ಗಾಟ್‌ಫ್ರೀಡ್ ವೈಗ್ಲೆಯ ಹೆಸರು ಮಾತ್ರ ಬಹಳ ಜನರಿಗೆ ತಿಳಿಯದು. ಇಬ್ಬರೂ ಸಂಬಂಧಿಕರು, ಕನ್ನಡದ ಹಳೆಯ ಕಾವ್ಯಗಳ ಹಸ್ತಪ್ರತಿಗಳನ್ನು ಹುಡುಕಿ ಅಚ್ಚಿಗೆ ತರುವ ಹಂಬಲ ಇಬ್ಬರಲ್ಲಿಯೂ ಇತ್ತು, ಮತ್ತು ಬಳ್ಳಾರಿಯ ಲಂಡನ್ ಮಿಷನ್ನಿನವರು ಆರಂಭಿಸಿದ್ದ ಕನ್ನಡ ಬೈಬಲಿನ ಪರಿಷ್ಕರಣೆಗಾಗಿ ವೈಗ್ಲೆ ತಮ್ಮ ಶಕ್ತಿಯನ್ನೆಲ್ಲ ಸುರಿದರು. 1855ರಲ್ಲಿ, ನಲವತ್ತು ತುಂಬುವ ಮೊದಲೇ, ಅವರು ತೀರಿಕೊಂಡರು. ಆಗ ಮೋಗ್ಲಿಂಗ್ ಕೊಡಗಿನಲ್ಲಿ ಸೇವೆ ನಡೆಸುತ್ತಿದ್ದರು. ಅವರು ಮುಂದೆ ಗೆಳೆಯನ ವಿಧವೆಯಾದ ಪೌಲೀನರನ್ನು ಮದುವೆಯಾಗಿ ಆ ಕುಟುಂಬಕ್ಕೆ ಆಸರೆಯಾದರು, ಮತ್ತು ಪತ್ನಿಯ ಆರೋಗ್ಯ ಕೆಟ್ಟಾಗ 1860ರಲ್ಲಿ ತಾವು ಅಷ್ಟು ಪ್ರೀತಿಸಿದ ಈ ನಾಡನ್ನು ಬಿಟ್ಟು ಜರ್ಮನಿಗೆ ಮರಳಿದರು. ಗೆಳೆಯನ ಸ್ಮರಣೆಯೆಂದರೆ ಅವನ ಮನೆಯವರ ಹೊಣೆಯೂ ಹೌದೆಂಬುದನ್ನು ನಮ್ಮ ಸಭೆಗಳು ಇಲ್ಲಿಂದ ಕಲಿಯಬೇಕು. ಹೂಹಾರ ಒಣಗಿದ ಮೇಲೆ ಉಪದೇಶಿಯ ವಿಧವೆ ಬಾಡಿಗೆ ಮನೆ ಹುಡುಕಿಕೊಂಡು ಅಲೆಯುವುದು ಇಂದಿಗೂ ನಮ್ಮ ನಡುವೆ ನಡೆಯುತ್ತಿದೆ.

ಮೋಗ್ಲಿಂಗ್‌ರ ಶಿಷ್ಯ ಆನಂದರಾಯ ಕೌಂಡಿನ್ಯರು. ಮಂಗಳೂರಿನ ಸಾರಸ್ವತ ಮನೆತನದ ಈ ಯುವಕ 1844ರಲ್ಲಿ ದೀಕ್ಷಾಸ್ನಾನ ಪಡೆದಾಗ ಗುರುವಿನ ಹರ್ಮನ್ ಎಂಬ ಹೆಸರನ್ನೇ ತಮ್ಮ ಹೆಸರಿನ ಮುಂದೆ ಇರಿಸಿಕೊಂಡರು, ಗುರುವಿನ ಜೊತೆಯಲ್ಲಿಯೇ ಯೂರೋಪಿಗೆ ಹೋಗಿ ಬಾಸೆಲ್ಲಿನಲ್ಲಿ ದೇವಜ್ಞಾನ ಕಲಿತು 1851ರಲ್ಲಿ ಸಭಾಸೇವಕರಾಗಿ ಅಭಿಷೇಕ ಹೊಂದಿದರು. ಮೋಗ್ಲಿಂಗ್ 1881ರಲ್ಲಿ ದೂರದ ಎಸ್ಲಿಂಗನ್ನಿನಲ್ಲಿ ತೀರಿಕೊಂಡರು. ಕೌಂಡಿನ್ಯರು 1893ರವರೆಗೆ ಇದ್ದು, ಕನ್ನಡ ನಾಡಿನ ಸಭಾಸೇವಕರಿಗೆ ಪಾಠ ಹೇಳಿದರು. ಗುರು ಹಿಂದಿರುಗಿದ ಮೇಲೆ ಶಿಷ್ಯನು ಮೂರು ದಶಕಗಳಿಗೂ ಹೆಚ್ಚು ಕಾಲ ಅದೇ ಕೆಲಸದಲ್ಲಿ ನಿಂತದ್ದಕ್ಕಿಂತ ದೊಡ್ಡ ಸ್ಮಾರಕವನ್ನು ನಾನು ಬಲ್ಲೆನೆಂದು ಹೇಳಲಾರೆ.

ಪ್ರಶ್ನೆ: ತೀರಿಕೊಂಡ ನಮ್ಮ ಗುರುಗಳ ಪ್ರಸಂಗದ ಪುಸ್ತಕಗಳು, ಪತ್ರಗಳು, ದಿನಚರಿಗಳು ಒಂದು ಪೆಟ್ಟಿಗೆಯಲ್ಲಿವೆ. ಅವರ ಮಕ್ಕಳು ನನಗೆ ಒಪ್ಪಿಸಿದ್ದಾರೆ. ಏನು ಮಾಡಬೇಕು? (ಬಳ್ಳಾರಿ)

ಉತ್ತರ: ಮೊದಲು ವಿಂಗಡಿಸಿರಿ. ದೀಕ್ಷಾಸ್ನಾನ, ಮದುವೆ, ಸಮಾಧಿಯ ದಾಖಲೆ ಪುಸ್ತಕಗಳು ಅದರಲ್ಲಿ ಸೇರಿಕೊಂಡಿದ್ದರೆ ಅವು ಸಭೆಯ ಸೊತ್ತು, ಕೂಡಲೇ ಹಿಂದಿರುಗಿಸಿರಿ. ಜನರು ತಮ್ಮ ಪಾಪ, ಸಂಕಟ, ಮನೆಯ ಗುಟ್ಟುಗಳನ್ನು ನಂಬಿ ಬರೆದ ಪತ್ರಗಳನ್ನು ಯಾರಿಗೂ ತೋರಿಸದೆ ಮಕ್ಕಳ ಒಪ್ಪಿಗೆಯಿಂದ ನಾಶಮಾಡಿರಿ, ಏಕೆಂದರೆ ಆ ನಂಬಿಕೆಯನ್ನು ಜನರು ಇಟ್ಟದ್ದು ಅವರೊಬ್ಬರ ಮೇಲೆ. ಪ್ರಸಂಗಗಳನ್ನೂ ದಿನಚರಿಯನ್ನೂ ಉಳಿಸಿರಿ. ಲ್ಯಾಮಿನೇಷನ್ ಮಾಡಿಸಬೇಡಿರಿ, ತುಕ್ಕು ಹಿಡಿದ ಗುಂಡುಸೂಜಿಗಳನ್ನು ತೆಗೆಯಿರಿ, ಹಾಳೆಗಳ ಚಿತ್ರ ತೆಗೆದಿಟ್ಟುಕೊಳ್ಳಿರಿ, ಫೋಟೋಗಳಲ್ಲಿರುವವರ ಹೆಸರುಗಳನ್ನು ಗುರುತಿಸಬಲ್ಲ ಹಿರಿಯರು ಇರುವಾಗಲೇ ಹಿಂಬದಿಯಲ್ಲಿ ಮೃದುವಾದ ಪೆನ್ಸಿಲಿನಿಂದ ಬರೆದಿಡಿರಿ. ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ತಿಯಲಾಜಿಕಲ್ ಕಾಲೇಜಿನ ದಾಖಲೆ ಸಂಗ್ರಹದಲ್ಲಿ ಬಾಸೆಲ್ ಮಿಷನ್ ಕಾಲದ ಕಾಗದಪತ್ರಗಳಿವೆ. ಮಕ್ಕಳು ಒಪ್ಪಿದರೆ ಅಲ್ಲಿಗೆ ಪತ್ರ ಬರೆದು ವಿಚಾರಿಸಿರಿ.