ಮೊದಲು ಕಾಸರಕ ಗುರುತಿಸಿ, ಅಣಬೆ ಆಮೇಲೆ

ಪ್ರಶ್ನೆ: ಮದುವೆಯಾಗಿ ಬೆಂಗಳೂರಿನಿಂದ ಶಿರಸಿ ಹತ್ತಿರದ ಹಳ್ಳಿಗೆ ಬಂದಿದ್ದೇನೆ. ಮಳೆ ಹಿಡಿದರೆ ಸಾಕು, ಅತ್ತೆ ಬೆಟ್ಟಕ್ಕೆ ಹೋಗಿ ಕುಡಿ, ಸೊಪ್ಪು, ಕಳಲೆ, ಅಣಬೆ ಅಂತ ಏನೇನೋ ತರುತ್ತಾರೆ. ನನಗೂ ಕಲಿಯುವ ಆಸೆ. ಫೋನಿನ ಆ್ಯಪ್ ನಂಬಿ ಶುರು ಮಾಡಬಹುದಾ?

ಉತ್ತರ: ಮನೆಯಲ್ಲೇ ಅತ್ತೆ ಇರುವಾಗ ಆ್ಯಪ್ ಯಾಕೆ ಬೇಕು? ಅದು ಚಿತ್ರ ನೋಡಿ ಒಂದು ಹೆಸರು ಹೇಳುತ್ತದೆ, ಅಷ್ಟೇ. ಎಲೆ ಹಿಸುಕಿ ವಾಸನೆ ನೋಡುವುದಿಲ್ಲ, ತೊಗಟೆ ಗೀರಿ ಹಾಲು ಬರುತ್ತದಾ ಅಂತ ಪರೀಕ್ಷಿಸುವುದಿಲ್ಲ. ಹೆಸರಿನ ಸುಳಿವಿಗೆ ಬಳಸಿ. ತಿನ್ನಬಹುದಾ ಅನ್ನುವುದಕ್ಕೆ ಬೇಡವೇ ಬೇಡ.

ಎಲ್ಲರೂ ತಿನ್ನುವ ಗಿಡದಿಂದ ಶುರು ಮಾಡುತ್ತಾರೆ. ನಾನು ಹೇಳುವುದು ಉಲ್ಟಾ. ನಿಮ್ಮ ಬೆಟ್ಟದಲ್ಲಿರುವ ವಿಷದ ಗಿಡಗಳನ್ನು ಮೊದಲು ಕಲಿಯಿರಿ. ಅವು ಜಾಸ್ತಿ ಇಲ್ಲ, ಒಂದು ಮಳೆಗಾಲ ಸಾಕು. ಕಾಸರಕ ಮರದ ಹಣ್ಣು ಸಣ್ಣ ಕಿತ್ತಳೆಯಂತೆ ಚಂದ ಕಾಣುತ್ತದೆ, ಬೀಜದಲ್ಲಿ ಸ್ಟ್ರಿಕ್ನಿನ್ ಎಂಬ ವಿಷ ಇದೆ. ಗೌರಿ ಹೂವಿನ ಗೆಡ್ಡೆಯಲ್ಲಿ ಕೊಲ್ಚಿಸಿನ್ ಎಂಬ ವಿಷ ಇದೆ. ಅದನ್ನು ಕಾಡುಗೆಣಸು ಎಂದು ಬೇಯಿಸಿದರೆ ಜೀವಕ್ಕೇ ಅಪಾಯ. ಗುಲಗಂಜಿ, ಉಮ್ಮತ್ತಿ ನಿಮಗೆ ಗೊತ್ತಿರಬಹುದು.

ಕಾಸರಕದ ಬಗ್ಗೆ ಇನ್ನಷ್ಟು ಹೇಳಲೇಬೇಕು. ತುಳುನಾಡಿನ ಕಡೆ ಆಟಿ ಅಮಾವಾಸ್ಯೆಗೆ ಹಾಲೆ ಮರದ ತೊಗಟೆಯ ಕಷಾಯ ಕುಡಿಯುತ್ತಾರೆ. ಬೆಳಕು ಹರಿಯುವ ಮೊದಲೇ ಕೆತ್ತಿ ತರಬೇಕು ಅನ್ನುವ ಪದ್ಧತಿ. ಕತ್ತಲಲ್ಲಿ ಹಾಲೆ ಎಂದುಕೊಂಡು ಕಾಸರಕವನ್ನು ಕೆತ್ತಿದರೆ ಕಥೆ ಮುಗಿಯಿತು. ಹಗಲಲ್ಲಿ ನೋಡಿದರೆ ಎರಡೂ ಬೇರೆಯೇ. ಹಾಲೆಯಲ್ಲಿ ಒಂದೇ ಗಂಟಿನಿಂದ ನಾಲ್ಕರಿಂದ ಏಳು ಎಲೆ ಸುತ್ತಲೂ ಹೊರಡುತ್ತವೆ, ಗೀರಿದರೆ ಬಿಳಿ ಹಾಲು ಬರುತ್ತದೆ. ಕಾಸರಕದಲ್ಲಿ ಎಲೆಗಳು ಎದುರುಬದುರು ಜೋಡಿಯಾಗಿವೆ. ಎಲೆಯ ಬುಡದಿಂದಲೇ ಮೂರು ಅಥವಾ ಐದು ನರ ದಪ್ಪಗೆ ಕಾಣುತ್ತವೆ. ಹಾಲು ಇಲ್ಲ. ಗಿಡ ಕಲಿಯುವುದು ಅಂದರೆ ಇಂಥ ಗುರುತು ಕಲಿಯುವುದೇ.

ಇದಾದ ಮೇಲೆ ಸೊಪ್ಪಿಗೆ ಬನ್ನಿ. ಒಂದೆಲಗ ಸುಲಭ. ಚಗಟೆಯಲ್ಲಿ ಸ್ವಲ್ಪ ಜಾಗ್ರತೆ ಬೇಕು. ಜೂನ್‌ನ ಮೊದಲ ಮಳೆಗೆ ಏಳುವ ಎಳೆ ಸೊಪ್ಪು ಕೊಯ್ಯಿರಿ. ಒಂದು ಕಡ್ಡಿಗೆ ಮೂರೇ ಜೊತೆ ಎಲೆ, ತುದಿ ಗುಂಡಗೆ. ಅದೇ ಜಾತಿಯ ಇನ್ನೊಂದು ಗಿಡದಲ್ಲಿ ನಾಲ್ಕೈದು ಜೊತೆ ಚೂಪು ಎಲೆ ಇರುತ್ತವೆ, ಮುರಿದರೆ ಕೆಟ್ಟ ವಾಸನೆ. ಅದರ ಕಾಯಿ, ಬೀಜ ಮಕ್ಕಳಿಗೆ ಅಪಾಯ. ಕೆಸುವಿನಲ್ಲಿ ಸೂಜಿಯಂಥ ಆಕ್ಸಲೇಟ್ ಹರಳು ಇರುವುದರಿಂದ ಗಂಟಲು ತುರಿಸುತ್ತದೆ. ಅತ್ತೆ ಹುಳಿ ಹಾಕಿ ಅಷ್ಟು ಹೊತ್ತು ಬೇಯಿಸುವುದು ಸುಮ್ನೆ ಅಲ್ಲ. ಕಳಲೆಯಲ್ಲಿ ಸಯನೈಡ್ ಬಿಡುವ ಅಂಶವಿದೆ. ತೆಳ್ಳಗೆ ಹೆಚ್ಚಿ, ದಿನಾ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸಿ, ಬೇಯಿಸಿದ ನೀರನ್ನೂ ಚೆಲ್ಲಿ. ಅವಸರದವರು ಕಳಲೆ ತಿನ್ನಬಾರದು.

ಪ್ರಶ್ನೆ: ಕಾರವಾರದಲ್ಲಿ ನಮ್ಮ ಮನೆ ಹಿತ್ತಲ ಹುಲ್ಲಿನಲ್ಲಿ ಅಗಲ ಕೊಡೆಯ ಬಿಳಿ ಅಣಬೆ ಎದ್ದಿದೆ. ಮಾರುಕಟ್ಟೆಗೆ ಬರುವ ಹುತ್ತದ ಅಣಬೆಯಂತೆಯೇ ಇದೆ. ಬೆಳ್ಳಿ ನಾಣ್ಯ ಹಾಕಿ ಬೇಯಿಸಿ, ಕಪ್ಪಾಗದಿದ್ದರೆ ತಿನ್ನಬಹುದು ಅಂತಾರೆ. ಹೌದಾ?

ಉತ್ತರ: ಅಲ್ಲ. ಬೆಳ್ಳಿ ಕಪ್ಪಾಗುವುದು ಗಂಧಕದಿಂದ. ಕೋಳಿಮೊಟ್ಟೆ ತಾಗಿದರೂ ಕಪ್ಪಾಗುತ್ತದೆ, ಮೊಟ್ಟೆ ವಿಷವಾ? ಅರಿಶಿನ, ಬೆಳ್ಳುಳ್ಳಿ ಪರೀಕ್ಷೆಗಳೂ ಅಷ್ಟೇ. ಹುಳ ತಿಂದಿದ್ದರೆ ಒಳ್ಳೆಯದು ಅನ್ನುವುದೂ ಸುಳ್ಳು. ಬಸವನಹುಳು ವಿಷದ ಅಣಬೆಯನ್ನೂ ಮೇಯುತ್ತದೆ.

ನಿಮ್ಮ ಹಿತ್ತಲಿನದು ಬೇರೆಯದೇ ಇರಬಹುದು ಎಂಬ ಅನುಮಾನ ನನಗೆ. ಹುತ್ತದ ಅಣಬೆಯನ್ನು ಕೆಳಗಿನಿಂದ ಅಗೆದು ನೋಡಿ. ಕಾಂಡ ಬೇರಿನಂತೆ ಉದ್ದಕ್ಕೆ ಇಳಿದು ಗೆದ್ದಲಿನ ಗೂಡು ಮುಟ್ಟುತ್ತದೆ. ಕೊಡೆಯ ನಡುವೆ ಮೊನೆ ಇರುತ್ತದೆ. ಹುಲ್ಲಿನಲ್ಲಿ ಏಳುವ ಇನ್ನೊಂದು ದೊಡ್ಡ ಬಿಳಿ ಅಣಬೆಗೆ ಆ ಬೇರಿಲ್ಲ, ಕಾಂಡದಲ್ಲಿ ಜಾರುವ ಉಂಗುರವಿದೆ. ಎಳೆಯದಾಗಿದ್ದಾಗ ಅದರ ಕೊಡೆಯಡಿಯ ಪದರವೂ ಬಿಳಿ. ಮೋಸ ಹೋಗುವುದು ಅಲ್ಲೇ. ಕೊಡೆ ಮುರಿದು ಬಿಳಿ ಕಾಗದದ ಮೇಲೆ ರಾತ್ರಿಯಿಡೀ ಕವುಚಿಡಿ. ಬೆಳಿಗ್ಗೆ ಉದುರಿದ ಪುಡಿ ಹಸಿರಾಗಿದ್ದರೆ ಎಸೆಯಿರಿ. ತಿಂದವರಿಗೆ ಒಂದರಿಂದ ಮೂರು ಗಂಟೆಯಲ್ಲಿ ಜೋರು ವಾಂತಿ ಭೇದಿ ಶುರುವಾಗುತ್ತದೆ. ಹುತ್ತದ ಅಣಬೆಯ ಪುಡಿ ನಸುಗೆಂಪು. ಆದರೆ ಪುಡಿ ಹಸಿರಲ್ಲ ಅಂದ ಮಾತ್ರಕ್ಕೆ ಒಲೆಗೆ ಇಡಬೇಡಿ. ಬೇರೂ ಸಿಗಬೇಕು, ಮೊನೆಯೂ ಇರಬೇಕು, ತಿಂದು ಗೊತ್ತಿರುವವರೂ ಹೌದೆನ್ನಬೇಕು.

ಇದಕ್ಕಿಂತ ಭಯ ಅಮನಿಟಾ ಜಾತಿಯದು. ಬುಡದಲ್ಲಿ ಚೀಲದಂಥ ಪೊರೆ ಇರುತ್ತದೆ. ಮೇಲಿಂದ ಕತ್ತರಿಸಿದರೆ ಆ ಗುರುತು ಮಣ್ಣಲ್ಲೇ ಉಳಿಯುತ್ತದೆ. ಇದರಲ್ಲಿ ಕೆಲವದರ ವಿಷ ಎಷ್ಟು ಬೇಯಿಸಿದರೂ ಹೋಗದು. ಆರು ಗಂಟೆ ಕಳೆದ ಮೇಲೆ, ಕೆಲವೊಮ್ಮೆ ಮರುದಿನ, ಹೊಟ್ಟೆ ಕೆಡುತ್ತದೆ. ನಡುವೆ ಸುಧಾರಿಸಿದಂತೆ ಅನ್ನಿಸುತ್ತದೆ, ಆಮೇಲೆ ಯಕೃತ್ತು ಸೋಲುತ್ತದೆ. ಆದ್ದರಿಂದ ಅಣಬೆ ತಿಂದು ವಾಂತಿಯಾದರೆ ಮನೆಮದ್ದು ಮಾಡುತ್ತ ಕೂರಬೇಡಿ. ಉಳಿದ ಅಣಬೆ ಹಿಡಿದು ನೇರ ಜಿಲ್ಲಾಸ್ಪತ್ರೆಗೆ ಹೋಗಿ.

ಪ್ರಶ್ನೆ: ಅಮೃತಬಳ್ಳಿ ಕಷಾಯ ದಿನಾ ಕುಡಿಯಬಹುದಾ? ಕಾಡಿನಿಂದ ತರುವುದಕ್ಕೆ ಅನುಮತಿ ಬೇಕಾ?

ಉತ್ತರ: ದಿನಾ ಬೇಡ, ಅದರಲ್ಲೂ ಯಕೃತ್ತಿನ ತೊಂದರೆ ಇದ್ದವರಿಗೆ. ಕೊರೋನಾ ಸಮಯದಲ್ಲಿ ಇದನ್ನು ಕುಡಿದವರಲ್ಲಿ ಯಕೃತ್ತು ಕೆಟ್ಟಿದ್ದನ್ನು ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಒಪ್ಪಲಿಲ್ಲ, ಬಳ್ಳಿಯನ್ನು ಸರಿಯಾಗಿ ಗುರುತಿಸಿಲ್ಲ ಎಂದಿತು. ಯಾರು ಸರಿ ಎಂಬ ಜಗಳ ಬಿಡಿ. ಕಾಂಡದ ತುಂಬ ಗುಳ್ಳೆ ಎದ್ದ ಅದರ ಅಣ್ಣತಮ್ಮನಂಥ ಬಳ್ಳಿಯೂ ಇದೆ, ನೋಡಿ ಕೊಯ್ಯಿರಿ. ಅನುಮಾನವಿದ್ದರೆ ಎಲೆ, ಹೂವು, ಕಾಯಿ ಸಮೇತ ಒಂದು ತುಂಡನ್ನು ಶಿರಸಿಯ ಅರಣ್ಯ ಕಾಲೇಜಿನವರಿಗೆ ತೋರಿಸಿ.

ಅನುಮತಿಯ ವಿಷಯ: ಕಾಳಿ ಹುಲಿ ಸಂರಕ್ಷಿತ ಪ್ರದೇಶದೊಳಗೆ ಕೈ ಹಾಕಬೇಡಿ, ವನ್ಯಜೀವಿ ಕಾಯ್ದೆ ಬಿಗಿಯಾಗಿದೆ. ಉಳಿದ ಕಾಡಿಗೆ ವಲಯ ಅರಣ್ಯಾಧಿಕಾರಿಯನ್ನು ಕೇಳಿ. ನಿಮ್ಮದೇ ತೋಟದ ಬೇಲಿಯಲ್ಲಿ ಸಿಗುವ ಬಳ್ಳಿಗೆ ಯಾರನ್ನೂ ಕೇಳಬೇಕಿಲ್ಲ.