ಮಗಳ ಬಿಸಿಎಗೆ 35 ಸಾವಿರದಲ್ಲಿ ಹೊಸ ಲ್ಯಾಪ್‌ಟಾಪ್ ತಗೊಳ್ಳೋದಾ, ರಿಫರ್ಬಿಶ್ಡ್ ತಗೊಳ್ಳೋದಾ?

ಸರ್, ನಿಮ್ಮ ಮಗಳು ಹಾವೇರಿಯಿಂದ ಬೆಂಗಳೂರಿಗೆ ಬಂದು ಬಿಸಿಎ ಸೇರ್ತಿದ್ದಾಳೆ, ಹಾಸ್ಟೆಲಲ್ಲಿ ಇರ್ತಾಳೆ, ಕೈಯಲ್ಲಿರೋದು 35 ಸಾವಿರ, ಊರಿನ ಅಂಗಡಿಯವ್ರು ಹೊಸದೇ ತಗೊಳ್ಳಿ ಅಂತಾರೆ, ನಿಮ್ಮ ಅಣ್ಣನ ಮಗ ರಿಫರ್ಬಿಶ್ಡ್ (ಬಳಸಿದ್ದನ್ನ ಸರಿಮಾಡಿ ಮತ್ತೆ ಮಾರೋದು) ತಗೊಳ್ಳಿ ಅಂತಾನೆ ಅಂತ ಬರ್ದಿದ್ದೀರ. ನಾನು ನಿಮ್ಮ ಅಣ್ಣನ ಮಗನ ಕಡೆ. ಆದ್ರೆ ಅಂಗಡಿಯಲ್ಲೇ ಒಂದು ಗಂಟೆ ಕೂತು ಚೆಕ್ ಮಾಡೋಕೆ ಬಿಡೋರ ಹತ್ರ ಮಾತ್ರ ತಗೊಳ್ಳಿ, ಬಿಡಲ್ಲ ಅಂದ್ರೆ ಎದ್ದು ಬನ್ನಿ.

ಈ ರೇಟಿಗೆ ಬರೋ ಹೊಸದ್ರಲ್ಲಿ ಬಹಳಷ್ಟಕ್ಕೆ ಬಾಡಿ ಪೂರ್ತಿ ಪ್ಲಾಸ್ಟಿಕ್ಕು, ರ‍್ಯಾಮ್ (ಕೆಲಸ ಮಾಡೋವಾಗ ಬಳಸೋ ಮೆಮೊರಿ) 8 ಜಿಬಿ, ಅದನ್ನೂ ಎಷ್ಟೋ ಮಾಡೆಲಲ್ಲಿ ಬೋರ್ಡಿಗೇ ಬೆಸುಗೆ ಹಾಕಿರ್ತಾರೆ, ಆಮೇಲೆ ಜಾಸ್ತಿ ಮಾಡ್ತೀನಿ ಅಂದ್ರೂ ಆಗಲ್ಲ. ನನ್ನ ತಂಗಿಗೆ ಅಂಥದ್ದೇ ಒಂದು ಹೊಸದು ಕೊಡಿಸಿದ್ವಿ, ಎರಡನೇ ವರ್ಷ ಹಿಂಜ್, ಅಂದ್ರೆ ಮುಚ್ಚಳ ತಿರುಗೋ ಕೀಲು, ಹೋಯ್ತು. ಹಿಂಜಿನ ಸ್ಕ್ರೂ ಹಿಡ್ಕೊಳ್ಳೋ ಚಿಕ್ಕ ಹಿತ್ತಾಳೆ ನಟ್‌ಗಳನ್ನ ಪ್ಲಾಸ್ಟಿಕ್ಕಲ್ಲಿ ಕೂರಿಸಿರ್ತಾರೆ, ಅದು ಕಿತ್ಕೊಂಡು ಬಂದು ಮುಚ್ಚಳ ತೆಗೆದಾಗೆಲ್ಲ ಮೂಲೆ ಬಾಯಿ ಬಿಡೋದು, ಕೊನೆಗೆ ರಬ್ಬರ್ ಬ್ಯಾಂಡ್ ಹಾಕ್ಕೊಂಡು ಕಾಲೇಜಿಗೆ ಹೋಗ್ತಿದ್ಲು, ನೋಡೋಕೆ ಬೇಜಾರಾಗೋದು. ವಾರಂಟಿ ಒಂದೇ ವರ್ಷ, ಅದು ಮುಗಿದಿತ್ತು.

ರಿಫರ್ಬಿಶ್ಡ್ ಅಂತ ಸಿಗೋ ಒಳ್ಳೆ ಮಾಲೆಲ್ಲ ಆಫೀಸ್ ಲ್ಯಾಪ್‌ಟಾಪ್‌ಗಳು ಸರ್. ಕಂಪನಿಗಳು ನೂರಾರು ಪೀಸ್ ಲೀಸಿಗೆ ತಗೊಂಡು ಮೂರ್ನಾಲ್ಕು ವರ್ಷಕ್ಕೆ ವಾಪಸ್ ಕೊಡ್ತಾರೆ, ಅದು ಹಾಗೇ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರ್ಕೆಟ್ ಎಸ್‌ಪಿ ರೋಡಿಗೂ ಆನ್‌ಲೈನಿಗೂ ಬರುತ್ತೆ. ಲೆನೊವೊ ಥಿಂಕ್‌ಪ್ಯಾಡ್ ಟಿ ಸೀರೀಸ್, ಡೆಲ್ ಲ್ಯಾಟಿಟ್ಯೂಡ್, ಎಚ್‌ಪಿ ಎಲೀಟ್‌ಬುಕ್, ಈ ಮೂರು ಹೆಸರು ನೆನಪಿಟ್ಕೊಳ್ಳಿ ಸಾಕು. ದಿನಾ ಹತ್ತು ಗಂಟೆ ಬಡಿಯೋಕೆ ಅಂತಲೇ ಮಾಡಿರೋವು, ಕೀಬೋರ್ಡ್ ಗಟ್ಟಿ, ಬಿಚ್ಚಿ ರಿಪೇರಿ ಮಾಡೋದು ಸುಲಭ, ಪಾರ್ಟ್ಸೂ ಸಿಗುತ್ತೆ. ನಾನು 2023ರಲ್ಲಿ 22 ಸಾವಿರಕ್ಕೆ ತಗೊಂಡ ಟಿ480 ಇದು, ಈಗ ಇದನ್ನ ಟೈಪ್ ಮಾಡ್ತಿರೋದೂ ಅದ್ರಲ್ಲೇ. ಹಿಂಭಾಗದ ಬ್ಯಾಟ್ರಿ ವೀಕ್ ಆದಾಗ ಕೆಳಗಿನ ಎರಡು ಲಾಕ್ ಸರಿಸಿ ನಾನೇ ಹೊಸದು ಹಾಕ್ದೆ, ಒಳಗೆ ಇನ್ನೊಂದು ಚಿಕ್ಕ ಬ್ಯಾಟ್ರಿ ಇರೋದ್ರಿಂದ ಆಫ್ ಕೂಡ ಮಾಡ್ಬೇಕಾಗ್ಲಿಲ್ಲ.

ಇಂಟೆಲ್ ಪ್ರೊಸೆಸರಿನ ಐ5 ಅನ್ನೋ ಸ್ಟಿಕ್ಕರ್ ನೋಡಿ ಮಾತ್ರ ಒಪ್ಕೊಳ್ಬೇಡಿ, ಪಕ್ಕದ ನಂಬರ್ ನೋಡಿ. 7200ಯು ಅಂತಿದ್ರೆ ಏಳನೇ ಜನರೇಷನ್, ಎರಡೇ ಕೋರ್ (ಕೋರ್ ಜಾಸ್ತಿ ಇದ್ದಷ್ಟೂ ಒಟ್ಟಿಗೆ ಜಾಸ್ತಿ ಕೆಲಸ ಮಾಡುತ್ತೆ). 8250ಯು ಅಂತಿದ್ರೆ ಎಂಟನೇದು, ನಾಲ್ಕು ಕೋರ್. ಟಿ470, ಟಿ480 ಪಕ್ಕ ಪಕ್ಕ ಇಟ್ರೆ ಹೊರಗಿಂದ ಹೆಚ್ಚುಕಮ್ಮಿ ಒಂದೇ ಥರ ಕಾಣುತ್ತೆ, ಒಳಗೆ ಇಷ್ಟು ವ್ಯತ್ಯಾಸ. ಮೇಲಾಗಿ ವಿಂಡೋಸ್ 10 ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗೀತು, ವಿಂಡೋಸ್ 11ಗೆ ಇಂಟೆಲ್‌ನಲ್ಲಿ ಎಂಟನೇ ಜನರೇಷನ್ನೋ ಅದ್ರ ಮೇಲಿಂದೋ ಬೇಕು, ಹಾಗಾಗಿ ಏಳನೇದು ಎಷ್ಟೇ ಕಮ್ಮಿಗೆ ಕೊಟ್ರೂ ಬೇಡ. ಮೂರು ವರ್ಷದ ಡಿಗ್ರಿಗೆ ಅಂದ್ರೆ ನಾನಾದ್ರೆ ಹನ್ನೊಂದನೇ ಜನರೇಷನ್ ಹುಡುಕ್ತೀನಿ, ನಂಬರ್ 1135ಜಿ7 ಥರ ಇರುತ್ತೆ. ಲ್ಯಾಟಿಟ್ಯೂಡ್ 5420 ಸಿಕ್ರೆ ಒಳ್ಳೇದು, ಎರಡು ರ‍್ಯಾಮ್ ಸ್ಲಾಟ್ ಇದೆ, 7420 ತೆಳ್ಳಗೆ ಚೆನ್ನಾಗಿ ಕಾಣುತ್ತೆ ಆದ್ರೆ ರ‍್ಯಾಮ್ ಬೆಸುಗೆ ಹಾಕಿರೋದು. ಜಾವಾ, ಪೈಥಾನ್, ಮೈಎಸ್‌ಕ್ಯೂಎಲ್‌ಗೆಲ್ಲ 8 ಜಿಬಿ ನಡೆಯುತ್ತೆ, ಆಂಡ್ರಾಯ್ಡ್ ಸ್ಟುಡಿಯೋದಲ್ಲಿ ಎಮ್ಯುಲೇಟರ್ (ಲ್ಯಾಪ್‌ಟಾಪಲ್ಲೇ ಓಡೋ ನಕಲಿ ಫೋನ್) ಓಡಿಸ್ಬೇಕಂದ್ರೆ 16 ಬೇಕೇ ಬೇಕು. 2025ರ ಕೊನೆಯಿಂದ ರ‍್ಯಾಮ್ ರೇಟ್ ಏರಿಬಿಟ್ಟಿದೆ, ಅದಕ್ಕೇ 16 ಇರೋದನ್ನೇ ಕೇಳಿ ತಗೊಳ್ಳಿ.

ಒಂದು ಗಂಟೆ ಯಾಕೆ ಅಂತ ಹೇಳ್ತೀನಿ. ಈ ಟಿ480ಗೂ ಮುಂಚೆ ಒಂದು ತಗೊಂಡಿದ್ದೆ, ನೋಡೋಕೆ ಹೊಸದರ ಹಾಗಿತ್ತು, ಎರಡು ತಿಂಗಳು ಚೆನ್ನಾಗೇ ಓಡ್ತು. ಒಂದಿನ ಸ್ಲೋ ಆಯ್ತು ಅಂತ ರೀಸೆಟ್ ಮಾಡಿ ವೈಫೈ ಪಾಸ್‌ವರ್ಡ್ ಹಾಕ್ದೆ ನೋಡಿ, ಯಾವುದೋ ಕಂಪನಿ ಹೆಸರು ಹಾಕಿ ಸ್ವಾಗತ ಅಂತ ಬಂತು, ಕೆಳಗೆ ಆಫೀಸ್ ಮೇಲ್ ಐಡಿ ಕೇಳ್ತು, ಅಲ್ಲಿಂದ ಮುಂದಕ್ಕೆ ಹೋಗಲೇ ಇಲ್ಲ. ಆ ಕಂಪನಿಯವ್ರು ವಾಪಸ್ ಕೊಡೋವಾಗ ತಮ್ಮ ಲಿಸ್ಟಿಂದ ಅದನ್ನ ತೆಗೆದಿರ್ಲಿಲ್ಲ, ಮಾರಿದವ್ರು ನೆಟ್ ಹಾಕ್ದೇ ವಿಂಡೋಸ್ ಇನ್‌ಸ್ಟಾಲ್ ಮಾಡಿ ಕೊಟ್ಟಿದ್ರು. ಬಿಲ್ ಇರ್ಲಿಲ್ಲ, ಅಂಗಡಿಯವ್ರು ನಮ್ಮದಲ್ಲ ಅಂದ್ಬಿಟ್ರು. ಪಾರ್ಟ್‌ಟೈಮ್ ಕೆಲಸ ಮಾಡಿ ಕೂಡಿಟ್ಟ ದುಡ್ಡು ಸರ್ ಅದು, ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಅದಕ್ಕೇ ಅಂಗಡಿಯಲ್ಲಿ ನಿಮ್ಮ ಎದುರಿಗೇ ವಿಂಡೋಸ್ ಪೂರ್ತಿ ರೀಸೆಟ್ ಮಾಡಿಸಿ, ನಿಮ್ಮ ಫೋನಿನ ಹಾಟ್‌ಸ್ಪಾಟ್‌ಗೆ ಕನೆಕ್ಟ್ ಮಾಡಿಸಿ, ಯಾವ ಕಂಪನಿ ಹೆಸರೂ ಬರ್ಬಾರ್ದು. ಬಯೋಸ್‌ಗೂ, ಅಂದ್ರೆ ವಿಂಡೋಸ್ ಶುರುವಾಗೋ ಮುಂಚೆ ಬರೋ ಸೆಟ್ಟಿಂಗ್ಸಿಗೂ, ಹೋಗಿ ನೋಡಿ, ಆನ್ ಮಾಡೋವಾಗ ಥಿಂಕ್‌ಪ್ಯಾಡ್‌ಗೆ ಎಫ್1, ಡೆಲ್‌ಗೆ ಎಫ್2, ಎಚ್‌ಪಿಗೆ ಎಫ್10 ಒತ್ತೋದು, ಪಾಸ್‌ವರ್ಡ್ ಕೇಳಿದ್ರೆ ಆ ಪೀಸ್ ಬೇಡ. ಆಮೇಲೆ ಬ್ಯಾಟ್ರಿ ರಿಪೋರ್ಟ್ ತೆಗೆಸಿ, ಕಮಾಂಡ್ ಪ್ರಾಂಪ್ಟಲ್ಲಿ ಪವರ್‌ಸಿಎಫ್‌ಜಿ ಕಮಾಂಡ್ ಹಾಕಿದ್ರೆ ಬರುತ್ತೆ, ಅಣ್ಣನ ಮಗನಿಗೆ ಗೊತ್ತಿರುತ್ತೆ. ಅದ್ರಲ್ಲಿ ಡಿಸೈನ್ ಕೆಪಾಸಿಟಿ (ಹೊಸದಿದ್ದಾಗ ಹಿಡಿಯೋದು) 50,000 ಇದ್ದು ಫುಲ್ ಚಾರ್ಜ್ ಕೆಪಾಸಿಟಿ (ಈಗ ಹಿಡಿಯೋದು) 35,000ಕ್ಕಿಂತ ಕೆಳಗಿದ್ರೆ ಬ್ಯಾಟ್ರಿ ಬದಲಾಯಿಸಿ ಕೊಡಿ ಅನ್ನಿ, ಇಲ್ಲಾ ರೇಟ್ ಇಳಿಸಿ ಅನ್ನಿ. ನೋಟ್‌ಪ್ಯಾಡ್ ತೆಗೆದು ಒಂದೊಂದು ಕೀನೂ ಒತ್ತಿಸಿ, ಪೆನ್‌ಡ್ರೈವ್ ತಗೊಂಡೋಗಿ ಪ್ರತಿ ಪೋರ್ಟಿಗೂ ಹಾಕಿ ನೋಡಿ. ಸ್ಕ್ರೀನ್ ಫುಲ್ ಎಚ್‌ಡಿನಾ ಕೇಳಿ, ಅದೇ ಮಾಡೆಲಲ್ಲಿ 1366 x 768 ಇರೋ ಮಂಕು ಸ್ಕ್ರೀನೂ ಬರುತ್ತೆ, ಮೂರು ವರ್ಷ ಅದನ್ನ ನೋಡ್ಕೊಂಡು ಕೋಡ್ ಬರೆಯೋದು ಕಣ್ಣಿಗೆ ಕಷ್ಟ.

ಜಿಎಸ್‌ಟಿ ಬಿಲ್ ಇಲ್ದೆ ತಗೊಳ್ಬೇಡಿ, ಸೀರಿಯಲ್ ನಂಬರ್ ಬಿಲ್ಲಲ್ಲೇ ಬರೆಸಿ, ವಾರಂಟಿ ಆರು ತಿಂಗಳೋ ಒಂದು ವರ್ಷವೋ ಅದೂ ಬಾಯ್ಮಾತಲ್ಲಿ ಬೇಡ. 35 ಸಾವಿರವನ್ನೂ ಒಂದೇ ಸಲ ಖರ್ಚು ಮಾಡ್ದೆ ನಾಲ್ಕೈದು ಸಾವಿರ ಹಿಡಿದಿಟ್ಕೊಳ್ಳಿ, ಮುಂದೆ ಬ್ಯಾಟ್ರಿಗೋ ಫೈಲ್ ಇಡೋ ಎಸ್‌ಎಸ್‌ಡಿಗೋ ಬೇಕಾಗುತ್ತೆ. ಕೂತು ನೋಡೋ ವ್ಯವಧಾನ ಇಲ್ಲ, ಜೊತೆಗೆ ಬರೋರೂ ಯಾರೂ ಇಲ್ಲ ಅಂದ್ರೆ ಹೊಸದೇ ತಗೊಳ್ಳಿ, ಆಗ ರ‍್ಯಾಮ್ ಸ್ಲಾಟ್ ಇರೋದನ್ನ ಮಾತ್ರ ನೋಡಿ, ಸೆಲೆರಾನ್ ಅನ್ನೋ ನಿಧಾನದ ಪ್ರೊಸೆಸರ್ ಇರೋದನ್ನ ಕಮ್ಮಿ ಬೆಲೆ ಅಂತ ತಗೊಳ್ಬೇಡಿ.

ಎಸ್‌ಪಿ ರೋಡಿಗೆ ಮೆಟ್ರೋದಲ್ಲಿ ಹೋಗೋದಾದ್ರೆ ಹಸಿರು ಲೈನಿನ ಕೆ.ಆರ್. ಮಾರ್ಕೆಟ್ ಸ್ಟೇಷನ್ ಹತ್ರ ಆಗುತ್ತೆ. ಭಾನುವಾರ ಬಹಳಷ್ಟು ಅಂಗಡಿ ಬಾಗಿಲು ಹಾಕಿರುತ್ತೆ, ವಾರದ ದಿನ ಬೆಳಿಗ್ಗೆ ಹೋಗಿ, ರಶ್ ಇಲ್ದಾಗ ನಿಧಾನಕ್ಕೆ ನೋಡೋಕೆ ಬಿಡ್ತಾರೆ, ಮಗಳನ್ನೂ ಕರ್ಕೊಂಡು ಹೋಗಿ.