ಶೀಟಿನ ಮೇಲೆ ಬರೆದಿರುವ ‘ಯುವಿ’ ಅಂದರೆ ಏನು? ಕಾಣದ ಬೆಳಕು ಇದೆ ಅಂತ ಹೇಗೆ ಗೊತ್ತು?

ನೀವು ಶಿರಸಿ ಕಡೆಯವರು, ಅಡಿಕೆ ಒಣಗಿಸಲು ಶೀಟು ತಂದಿದ್ದೀರಿ. ಅದರ ಮೇಲೆ ‘ಯುವಿ’ ಅಂತ ಬರೆದಿದೆ, ಅದೇನು ಅಂತ ಕೇಳಿದ್ದೀರಿ. ಕಣ್ಣಿಗೆ ಕಾಣದ ಬೆಳಕು ಅನ್ನುತ್ತಾರಲ್ಲ, ಕಾಣದಿದ್ದರೆ ಇದೆ ಅಂತ ಹೇಗೆ ನಂಬುವುದು ಅಂತಲೂ ಕೇಳಿದ್ದೀರಿ. ಎರಡನೇ ಪ್ರಶ್ನೆ ನನಗೆ ತುಂಬಾ ಹಿಡಿಸಿತು. ಒಂದು ಕಾಲಕ್ಕೆ ನನ್ನ ಪ್ರಶ್ನೆಯೂ ಅದೇ ಆಗಿತ್ತು.

ನಾನು ಕಾರವಾರದಲ್ಲಿ ಬೈತಖೋಲ ಬಂದರಿನ ಹತ್ತಿರ ಹಗ್ಗ, ಬಲೆ, ಟಾರ್ಪಾಲು ಮಾರುತ್ತೇನೆ. ಕೆಲವು ವರ್ಷದ ಹಿಂದೆ ದೋಣಿಯವರೊಬ್ಬರು ದೋಣಿಯ ಮೇಲೆ ಬಿಸಿಲಲ್ಲೇ ಇದ್ದ ನೀಲಿ ಹಗ್ಗದ ತುಂಡು ಹಿಡಿದುಕೊಂಡು ಬಂದರು. ಬೆರಳಲ್ಲಿ ತಿಕ್ಕಿದರೆ ಪುಡಿ ಉದುರುತ್ತಿತ್ತು. ‘ಎಂಥಾ ಮಾಲು ಕೊಟ್ರಿ ಮಾರಾಯ್ರೆ’ ಅಂತ ಬೇಜಾರು ಮಾಡಿಕೊಂಡರು. ಅದೇ ಸುರುಳಿಯ ಇನ್ನರ್ಧ ಅವರ ದೋಣಿಯ ಒಳಗೆ ಇತ್ತು. ತರಿಸಿ ನೋಡಿದೆವು. ಹೊಸದರ ಹಾಗೇ ಗಟ್ಟಿ! ದೋಣಿಯ ಒಳಗೆ ಸೆಖೆ ಮೇಲಿಗಿಂತ ಜಾಸ್ತಿ. ಹಾಗಾದರೆ ಹಗ್ಗ ಹಾಳಾದದ್ದು ಬಿಸಿಯಿಂದ ಅಲ್ಲ. ಹಾಳಾದ ಹಗ್ಗವನ್ನು ಬಿಚ್ಚಿದರೆ ಒಳಗಿನ ಎಳೆಗಳು ಇನ್ನೂ ಹೊಳೆಯುತ್ತಿದ್ದವು. ಬಿಸಿಲು ತಾಗಿದ ಹೊರಮೈ ಮಾತ್ರ ಸತ್ತಿತ್ತು. ಬಿಸಿಲಲ್ಲಿ ಬಿಸಿ ಬಿಟ್ಟು ಬೇರೆ ಏನೋ ಇದೆ ಅಂತ ನನಗೆ ಮನಸ್ಸಿಗೆ ಹತ್ತಿದ್ದು ಆ ದಿನ.

ಅದರ ಹೆಸರೇ ನೇರಳಾತೀತ ಕಿರಣ. ಇಂಗ್ಲಿಷಿನಲ್ಲಿ ಅಲ್ಟ್ರಾವಯಲೆಟ್, ಚಿಕ್ಕದಾಗಿ ‘ಯುವಿ’. ಕಾಮನಬಿಲ್ಲಿನಲ್ಲಿ ಒಂದು ಅಂಚು ಕೆಂಪು, ಇನ್ನೊಂದು ಅಂಚು ನೇರಳೆ ಅಲ್ವಾ? ನೇರಳೆಯನ್ನೂ ದಾಟಿ ಆಚೆಗಿರುವ ಬೆಳಕು ಇದು. ಹೆಸರಲ್ಲಿ ನೇರಳೆ ಇದ್ದರೂ ಇದರ ಬಣ್ಣ ನೇರಳೆ ಅಲ್ಲ. ನಮ್ಮ ಕಣ್ಣಿನ ಮಟ್ಟಿಗೆ ಇದಕ್ಕೆ ಬಣ್ಣವೇ ಇಲ್ಲ. ಆದರೆ ಜೇನುನೊಣಕ್ಕೆ ಇದು ಕಾಣುತ್ತದೆ. ನಮಗೆ ಬರೀ ಹಳದಿಯಾಗಿ ಕಾಣುವ ಎಷ್ಟೋ ಹೂಗಳಲ್ಲಿ ಅದಕ್ಕೆ ಬೇರೆ ಗುರುತುಗಳು ಕಾಣುತ್ತವೆ.

ಕಾಣದ್ದನ್ನು ಹಿಡಿದದ್ದು ಹೇಗೆ? 1800ರಲ್ಲಿ ಇಂಗ್ಲೆಂಡಿನಲ್ಲಿದ್ದ ಖಗೋಳ ವಿಜ್ಞಾನಿ ವಿಲಿಯಂ ಹರ್ಷೆಲ್ ಗಾಜಿನ ಪಟ್ಟಕದಿಂದ ಬಿಸಿಲನ್ನು ಬಣ್ಣಬಣ್ಣವಾಗಿ ಬಿಡಿಸಿ, ಕೆಂಪಿನ ಆಚೆ ಬೆಳಕೇ ಕಾಣದ ಜಾಗದಲ್ಲಿ ಥರ್ಮಾಮೀಟರ್ ಇಟ್ಟರು. ಅಲ್ಲೂ ಬಿಸಿ ಏರಿತು. ಇದು ತಿಳಿದ ಜರ್ಮನಿಯ ವಿಜ್ಞಾನಿ ಯೋಹಾನ್ ರಿಟ್ಟರ್, ಕೆಂಪಿನ ಆಚೆ ಏನೋ ಇದ್ದರೆ ನೇರಳೆಯ ಆಚೆಯೂ ಇರಬೇಕಲ್ಲ ಅಂದುಕೊಂಡರು. ಬೆಳಕು ಬಿದ್ದರೆ ಕಪ್ಪಾಗುವ ಸಿಲ್ವರ್ ಕ್ಲೋರೈಡನ್ನು 1801ರಲ್ಲಿ ಒಂದೊಂದು ಬಣ್ಣದಲ್ಲೂ ಇಟ್ಟು ನೋಡಿದರು. ಕೆಂಪಲ್ಲಿ ಏನೂ ಆದ ಹಾಗಿಲ್ಲ. ನೇರಳೆಯಲ್ಲಿ ಬೇಗ ಕಪ್ಪಾಯಿತು. ನೇರಳೆ ಮುಗಿದು ಬರೀ ಕತ್ತಲೆ ಅನ್ನಿಸುವ ಕಡೆ ಎಲ್ಲಕ್ಕಿಂತ ಬೇಗ ಕಪ್ಪಾಯಿತು! ಕಣ್ಣಿಗೆ ಕಾಣದ್ದು ಮಾಡಿದ ಕೆಲಸದಿಂದ ಸಿಕ್ಕಿಬಿತ್ತು. ನಮ್ಮ ಹಗ್ಗದ ಕತೆಯೂ ಇದೇ.

ಈ ಕಿರಣದ ಗುಣ ಹೇಳಬೇಕೆಂದರೆ, ತೆಂಗಿನಕಾಯಿಯನ್ನು ಕೈಯಿಂದ ನೂರು ಸಲ ತಟ್ಟಿದರೂ ಒಡೆಯುವುದಿಲ್ಲ, ಕತ್ತಿಯ ಒಂದು ಏಟು ಸಾಕು. ಬಿಸಿ ಕೊಡುವ ಕಿರಣಗಳು ತಟ್ಟುವ ಕೈ. ನೇರಳಾತೀತ ಕಿರಣ ಕತ್ತಿ. ಪ್ಲಾಸ್ಟಿಕ್ಕಿನ ಉದ್ದನೆಯ ಅಣುಸರಪಳಿಯನ್ನು ತುಂಡು ಮಾಡುವಷ್ಟು ಶಕ್ತಿ ಇದರ ಒಂದೊಂದು ಏಟಿಗೂ ಇದೆ. ಚರ್ಮದ ಜೀವಕೋಶಕ್ಕೂ ಪೆಟ್ಟು ಬೀಳುವುದು ಹೀಗೇ.

ಅಳತೆಯಲ್ಲಿ ಇದರ ತರಂಗಾಂತರ, ಅಂದರೆ ಒಂದು ಅಲೆಯ ತುದಿಯಿಂದ ಮುಂದಿನ ಅಲೆಯ ತುದಿಗೆ ಇರುವ ದೂರ, 100ರಿಂದ 400 ನ್ಯಾನೋಮೀಟರ್. ಒಂದು ನ್ಯಾನೋಮೀಟರ್ ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಇದರಲ್ಲಿ ಎ, ಬಿ, ಸಿ ಅಂತ ಮೂರು ಬಗೆ. ಸಿ ಎಲ್ಲಕ್ಕಿಂತ ಜೋರು, ಆದರೆ ಆಕಾಶದಲ್ಲಿ ಮೇಲಿರುವ ಓಝೋನ್ ಅನಿಲದ ಪದರ ಮತ್ತು ಗಾಳಿ ಅದನ್ನು ಪೂರ್ತಿ ತಡೆಯುತ್ತವೆ. ನೀರಿನ ಫಿಲ್ಟರಿನಲ್ಲಿ ರೋಗಾಣು ಕೊಲ್ಲಲು ದೀಪದಿಂದ ಹುಟ್ಟಿಸುವುದು ಇದನ್ನೇ. ಬಿ ಸ್ವಲ್ಪ ಮಾತ್ರ ಕೆಳಗೆ ಬರುತ್ತದೆ. ಚರ್ಮ ಉರಿಯುವುದು ಹೆಚ್ಚಾಗಿ ಅದರಿಂದ, ಮೈಯಲ್ಲಿ ಡಿ ವಿಟಮಿನ್ ತಯಾರಾಗುವುದೂ ಅದರಿಂದ. ನೆಲಕ್ಕೆ ತಲುಪುವುದರಲ್ಲಿ ನೂರಕ್ಕೆ ಸುಮಾರು 95 ಪಾಲು ಎ. ಅದು ಕಿಟಕಿಯ ಗಾಜನ್ನೂ ದಾಟುತ್ತದೆ.

ಒಂದು ಮಾತು ಒತ್ತಿ ಹೇಳುತ್ತೇನೆ. ಸೆಖೆ ನೋಡಿ ಈ ಕಿರಣವನ್ನು ಅಳೆಯಬೇಡಿ. ನಮ್ಮಲ್ಲಿ ಜುಲೈ 31ಕ್ಕೆ ಮೀನುಗಾರಿಕೆ ನಿಷೇಧ ಮುಗಿದು ಆಗಸ್ಟ್‌ನಲ್ಲಿ ದೋಣಿಗಳು ಹೊರಡುತ್ತವೆ. ತಂಪು ಗಾಳಿ, ಅಲ್ಲಲ್ಲಿ ಮೋಡ, ಬಿಸಿಲೇ ಇಲ್ಲ ಅನ್ನಿಸುತ್ತದೆ. ಆದರೆ ಆಗಸ್ಟ್ ಎರಡನೇ ವಾರದ ಹೊತ್ತಿಗೆ ಸೂರ್ಯ ಮಧ್ಯಾಹ್ನ ಕಾರವಾರದ ನೆತ್ತಿಯ ಮೇಲೇ ಇರುತ್ತಾನೆ. ಏಪ್ರಿಲ್ ಕೊನೆಯಲ್ಲಿ ಇದ್ದ ಹಾಗೇ. ತೆಳು ಮೋಡವನ್ನು ಈ ಕಿರಣ ಸುಲಭವಾಗಿ ದಾಟುತ್ತದೆ. ನೀರಿನ ನೊರೆಯಿಂದ, ಮರಳಿಂದ ತಿರುಗಿಯೂ ಬರುತ್ತದೆ. ನನ್ನ ಚಿಕ್ಕಪ್ಪನಿಗೆ ಕಣ್ಣಿನ ಬಿಳಿ ಭಾಗದಿಂದ ಕರಿಗುಡ್ಡೆಯ ಮೇಲೆ ಮಾಂಸದ ಪರೆ ಬೆಳೆದಿತ್ತು. ಬಿಸಿಲು, ಗಾಳಿಯಲ್ಲಿ ವರ್ಷಗಟ್ಟಲೆ ದುಡಿಯುವವರಿಗೆ ಅದು ಜಾಸ್ತಿ ಬರುತ್ತದೆ ಅಂತ ಡಾಕ್ಟರು ಹೇಳಿದರು. ಅಂದಿನಿಂದ ದೋಣಿಯ ಹುಡುಗರಿಗೆ ಅಗಲ ಅಂಚಿನ ಟೋಪಿ, ಒಳ್ಳೆ ಕಪ್ಪು ಕನ್ನಡಕ ಹಾಕಿಕೊಳ್ಳಿ ಅಂತ ಬೆನ್ನು ಹತ್ತಿ ಹೇಳುತ್ತೇನೆ. ನಿಮ್ಮ ನೆರಳು ನಿಮಗಿಂತ ಗಿಡ್ಡ ಇದ್ದರೆ ಕಿರಣ ಜೋರಾಗಿದೆ ಅಂತ ತಿಳಿಯಿರಿ. ಅಂಗಳದಲ್ಲಿ ಅಡಿಕೆ ಹರಡುವಾಗ ನಿಮಗೂ ಈ ಲೆಕ್ಕ ಉಪಯೋಗಕ್ಕೆ ಬರುತ್ತದೆ.

ಇನ್ನು ನಿಮ್ಮ ಶೀಟು. ‘ಯುವಿ’ ಅಂತ ಬರೆದಿದ್ದರೆ, ಈ ಕಿರಣದ ಏಟು ತಡೆದುಕೊಳ್ಳುವ ಮದ್ದನ್ನು ಪ್ಲಾಸ್ಟಿಕ್ಕಿನಲ್ಲಿ ಬೆರೆಸಿದ್ದಾರೆ ಅಂತ ಅರ್ಥ. ಅದು ಶೀಟಿನ ಬಾಳಿಕೆಗೆ, ಅದರ ಕೆಳಗೆ ಕೂತವರ ರಕ್ಷಣೆಗೆ ಅಂತಲ್ಲ. ಮದ್ದು ಕೂಡ ನಿಧಾನವಾಗಿ ಖರ್ಚಾಗುತ್ತದೆ. ದಪ್ಪ ಶೀಟು ಅಂದರೆ ಬಾಳಿಕೆ ಅಂತ ಗಿರಾಕಿಗಳು ತಿಳಿಯುತ್ತಾರೆ, ಮದ್ದಿಲ್ಲದ ದಪ್ಪ ಶೀಟೂ ಬಿಸಿಲಿಗೆ ಬಿರಿಯುತ್ತದೆ. ಕಪ್ಪು ಪ್ಲಾಸ್ಟಿಕ್ ಜಾಸ್ತಿ ಬಾಳುವುದು ಅದರಲ್ಲಿನ ಮಸಿ ಈ ಕಿರಣವನ್ನು ಹೀರಿಕೊಳ್ಳುವುದರಿಂದ.

ನನ್ನ ಮಾತಿನ ಮೇಲೇ ನಂಬಬೇಕಾಗಿಲ್ಲ. ದೀಪಾವಳಿಗೆ ಸಾದಾ ನೀಲಿ ಹಗ್ಗದ ಎರಡು ತುಂಡು ಮಾಡಿ. ಒಂದನ್ನು ಮಾಡಿನ ಮೇಲೆ ಕಟ್ಟಿ, ಇನ್ನೊಂದನ್ನು ಅಟ್ಟದ ಕತ್ತಲೆಯಲ್ಲಿ ಇಡಿ. ಮಳೆಗಾಲ ಶುರುವಾಗುವ ಮೊದಲು ಎರಡನ್ನೂ ಕೈಯಲ್ಲಿ ಹಿಡಿದು ತಿಕ್ಕಿ ನೋಡಿ.